ದುತಿಯಂಪಿಯ ಕೊನೆಯಲ್ಲಿ





ಕಳೆದ ಭಾನುವಾರ ಆಳಂದದ ವಂದನೆಗೆ ಬಂದವರಿಗೆ ನೆನಪಿರಬಹುದು. ಪಿಯುಸಿ ಓದುವ ನಮ್ಮ ಹುಡುಗ ತಿಸರಣಕ್ಕೆ ಕೀಬೋರ್ಡ್ ನುಡಿಸುತ್ತಿದ್ದ. ಮೊದಲ ಸುತ್ತಿನ ಕೊನೆಯ ‘ಗಚ್ಛಾಮಿ’ಗೆ ನಾವು ಷಡ್ಜದಲ್ಲಿ ನಿಂತಾಗ ಕೆಳಗೆ ಸ-ಗ-ಪ ಹಿಡಿದ. ಮನೆ ಸೇರಿದಂತಾಯಿತು. ‘ದುತಿಯಂಪಿ’ಯ ಕೊನೆಗೆ ಬೇರೇನೋ ಕೇಳಿಸಿತು. ಹಿಂದೆ ಕೂತಿದ್ದ ಹಿರಿಯರೊಬ್ಬರು “ಸಿನಿಮಾ ಮಾಡಬ್ಯಾಡೋ” ಎಂದು ಗದರಿದರು. ನನಗೆ ಗಂಟಲು ಕಟ್ಟಿತು.

ಆಮೇಲೆ ಕೇಳಿದೆ, “ಕೈ ತಪ್ಪಿತೇನೋ?”

“ಇಲ್ರಿ ಸರ್. ನಿಮ್ಮ ಸಾ ಅಲ್ಲೇ ಅದರಿ. ಪಾ ತಗದು ದಾ ಹಚ್ಚೀನಿ, ಅಷ್ಟ.”

ಮೂರು ಸ್ವರ ಒಟ್ಟಿಗೆ ಒತ್ತುವುದಕ್ಕೆ ಕಾರ್ಡ್ ಎನ್ನುತ್ತಾರೆ. ಪ-ನಿ-ರಿ ನುಡಿದರೆ ಕಿವಿ ಸ-ಗ-ಪಕ್ಕಾಗಿ ಕಾಯುತ್ತದೆ. ನಿಷಾದ ಷಡ್ಜಕ್ಕೆ ಅಷ್ಟು ಹತ್ತಿರ. ಹುಡುಗ ಅದರ ಬದಲು ಧ-ಸ-ಗ ಹಿಡಿದ. ಮೂರರಲ್ಲಿ ಎರಡು ಸ್ವರ ಅವೇ. ಆದರೂ ನಾವು ನಿಂತ ಷಡ್ಜವೇ ಅಳುವಂತೆ ಕೇಳಿಸುತ್ತದೆ. ಪಾಶ್ಚಾತ್ಯ ಸಂಗೀತದಲ್ಲಿ ಇದಕ್ಕೆ ‘ಡಿಸೆಪ್ಟಿವ್ ಕೇಡೆನ್ಸ್’, ಮೋಸದ ಮುಕ್ತಾಯ, ಎಂದು ಹೆಸರು. ಆ ಹೆಸರು ನನಗೆ ಒಪ್ಪಿಗೆಯಿಲ್ಲ. ನಿಷಾದ ಷಡ್ಜಕ್ಕೇ ಹೋಯಿತಲ್ಲ, ಮೋಸ ಮಾಡಿದವರು ಯಾರು? ಕಾದು ಕೂತದ್ದು ನಮ್ಮ ಕಿವಿ.

ನಮ್ಮಪ್ಪ ತೀರಿಕೊಂಡು ಎರಡು ತಿಂಗಳು. ಮಣ್ಣು ಮಾಡಿದ ದಿನ ನಾನು ಅತ್ತಿರಲಿಲ್ಲ. ಅದೇ ಮನೆ, ಅದೇ ಹೊಸ್ತಿಲು. ಶಾಲೆಯಿಂದ ಬಂದು ಚಪ್ಪಲಿ ಬಿಡುವಾಗ ಒಳಗಿಂದ ಒಂದು ಕೆಮ್ಮು ಬರಬೇಕು ಎಂದು ಈಗಲೂ ಕಿವಿ ಕಾಯುತ್ತದೆ. ಭಾನುವಾರ ಕೆಳಗಿನ ಒಂದು ಸ್ವರ ಸರಿದದ್ದೇ, ತಡೆದದ್ದೆಲ್ಲ ಬಂತು.

ಸೋಣ ಭಿಕ್ಖುವಿಗೆ ತಥಾಗತರು ವೀಣೆಯ ತಂತಿಯನ್ನೇ ಉದಾಹರಿಸಿದ್ದು ಅಂಗುತ್ತರ ನಿಕಾಯದಲ್ಲಿದೆ. ನಾವು ಕೀಬೋರ್ಡಿನಿಂದ ಕಲಿತರೆ ತಪ್ಪೇನು? ಪಟಿಚ್ಚಸಮುಪ್ಪಾದದಲ್ಲಿ ಸ್ಪರ್ಶದಿಂದ ವೇದನೆ, ವೇದನೆಯಿಂದ ತೃಷ್ಣೆ. ಧೈವತ ಕಿವಿಗೆ ಬಿದ್ದದ್ದು ಸ್ಪರ್ಶ. ಎದೆ ಹಿಂಡಿದ್ದು ವೇದನೆ. ಅಲ್ಲಿಯವರೆಗೆ ಯಾರದೂ ತಪ್ಪಿಲ್ಲ. ‘ಮೊದಲಿನದೇ ಬೇಕು’ ಎಂಬ ಹಟ ಅದರ ನಂತರದ್ದು. ನನ್ನ ಅಳುವಿನೊಳಗೂ ಆ ಹಟವಿತ್ತು, ಹಿರಿಯರ ಸಿಟ್ಟಿನೊಳಗೂ ಇತ್ತು. (ಅವರೂ ಈ ಗುಂಪಿನಲ್ಲಿದ್ದಾರೆ. ಬೇಸರ ಮಾಡಿಕೊಳ್ಳಬಾರದು, ಅಣ್ಣಾ.)

‘ತತಿಯಂಪಿ’ಗೆ ಹುಡುಗ ಮತ್ತೆ ಸ-ಗ-ಪಕ್ಕೆ ಬಂದ. ಸ್ವರಗಳು ಮೊದಲ ಸುತ್ತಿನವೇ, ಆದರೆ ನನಗೆ ಹಾಗೆ ಕೇಳಿಸಲಿಲ್ಲ.

ಈ ಭಾನುವಾರವೂ ಹಾಗೇ ನುಡಿಸು ಎಂದಿದ್ದೇನೆ. ಅಫಜಲಪುರ, ಜೇವರ್ಗಿಯ ಬಂಧುಗಳೂ ಬರುವವರಿದ್ದೀರಿ. ದುತಿಯಂಪಿಯ ಕೊನೆಗೆ ಕಣ್ಣು ಮುಚ್ಚಿ ಕೇಳಿ ನೋಡಿ.

ಭವತು ಸಬ್ಬ ಮಂಗಲಂ.