ಲೆನ್ಸ್ ಹುಡ್ ಮೀಮಾಂಸೆ

ಕ್ಯಾಮೆರಾದ ಲೆನ್ಸಿಗೆ ಹುಡ್ ತೊಡಿಸಿಯೇ ಚಿತ್ರ ತೆಗೆಯಬೇಕೆ, ಅಥವಾ ಅದು ಬ್ಯಾಗಿನಲ್ಲಿ ಜಾಗ ತಿನ್ನುವ ಪ್ಲಾಸ್ಟಿಕ್ ಮಾತ್ರವೆ? ಇದು ವಿಷಯ. ಸದಾ ತೊಡಿಸಿರಬೇಕು, ಕಳಚಬೇಕಾದ ಸಂದರ್ಭಗಳು ಕೆಲವೇ ಎಂಬುದು ನನ್ನ ಪಕ್ಷ.

ಲಾಯಿಲದ ಕಡೆ ಯಾವುದಾದರೂ ಗದ್ದೆಯಂಚಿನಲ್ಲಿ ನಿಂತು, ಬೇಸಗೆಯ ಬೆಳಗ್ಗೆ, ಉತ್ತರಕ್ಕೆ ತಿರುಗಿ ಗಡಾಯಿಕಲ್ಲನ್ನು ತೆಗೆಯುತ್ತೀರಿ ಎನ್ನಿ. 1794ರಲ್ಲಿ ಟಿಪ್ಪು ಕೋಟೆ ಕಟ್ಟಿಸಿದ ಆ ಬಂಡೆ ಕಪ್ಪು. ಸೂರ್ಯ ಬಲಗಡೆ ಘಟ್ಟದ ಮೇಲಿದ್ದಾನೆ, ಚಿತ್ರದೊಳಗಿಲ್ಲ. ಆದರೆ ಅವನ ಬೆಳಕು ಓರೆಯಾಗಿ ಮುಂಗಾಜಿಗೆ ಬಿದ್ದು, ಒಳಗೆ ಗಾಜಿನಿಂದ ಗಾಜಿಗೆ ಚಿಮ್ಮಿ, ಸೆನ್ಸರಿನ ಮೇಲೆಲ್ಲ ತೆಳುವಾಗಿ ಹರಡುತ್ತದೆ. ಬಂಡೆಯ ನೆರಳಿನ ಬೆಳಕು 1 ಪಾಲು, ಆಕಾಶದ್ದು 100 ಪಾಲು ಎಂದಿಟ್ಟುಕೊಳ್ಳಿ. ಹೊರಗಿನಿಂದ ನುಗ್ಗಿದ್ದು ಎಲ್ಲ ಕಡೆಗೂ 4 ಪಾಲು ಸೇರಿಸಿದರೆ ಆಕಾಶ 104, ನೆರಳು 5. ನೂರು ಪಟ್ಟಿನ ಅಂತರ ಇಪ್ಪತ್ತೊಂದಕ್ಕೆ ಇಳಿಯಿತು! ಆಕಾಶಕ್ಕೆ ಏನೂ ಆಗಲಿಲ್ಲ, ಬಂಡೆ ಬೂದಿಯಾಯಿತು. ಚಿತ್ರಕ್ಕೆ ಬೇಡದ ಈ ಬೆಳಕನ್ನು ಬಾಗಿಲಲ್ಲೇ ತಡೆಯುವುದು ಹುಡ್‌ನ ಕೆಲಸ.

ಪೂರ್ವಪಕ್ಷಿ ಹೇಳುತ್ತಾನೆ: ‘ಅದೆಲ್ಲ ಅಜ್ಜನ ಕಾಲದ ಮಾತು, ಈಗಿನ ಲೆನ್ಸಿಗೆ ಕೋಟಿಂಗ್ ಇದೆ.’ ಇದೆ ನಿಜ. ಬರಿಯ ಗಾಜಿನ ಒಂದೊಂದು ಮೈಯೂ ಸುಮಾರು ಶೇ. 4ರಷ್ಟು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. 1935ರಲ್ಲಿ ಝೈಸ್ ಕಂಪನಿಯ ಸ್ಮಾಕುಲಾ ಕಂಡುಹಿಡಿದ ಲೇಪನದಿಂದ ಆರಂಭವಾಗಿ ಇಂದು ಅದು ಶೇ. 0.5ಕ್ಕಿಂತ ಕೆಳಗಿಳಿದಿದೆ. ಆದರೆ ಜೂಮ್ ಲೆನ್ಸಿನಲ್ಲಿ ಹತ್ತಾರು ಮೈಗಳಿವೆ. ಅಲ್ಲದೆ ಮುಂಗಾಜಿನ ಮೇಲೆ ಕೂತ ಕೆಂಪು ಧೂಳಿಗೆ, ಬೆರಳಿನ ಜಿಡ್ಡಿಗೆ ಯಾವ ಕೋಟಿಂಗೂ ಇಲ್ಲ. ನಮ್ಮೂರ ರಸ್ತೆಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ.

‘ಆಮೇಲೆ ಕಂಪ್ಯೂಟರಿನಲ್ಲಿ ಸರಿಮಾಡಿದರಾಯಿತು.’ ಮಸುಕನ್ನು ಕಳೆಯಬಹುದು, ಅದರ ಜೊತೆ ಬಂದ ನಾಯ್ಸ್ ಉಳಿಯುತ್ತದೆ. ವೇಷಧಾರಿಯ ಮುಖದ ಮೇಲೆ ಬಿದ್ದ ಹಸಿರು ಬೆಳಕಿನ ಚುಕ್ಕೆಯನ್ನು ಅಳಿಸಹೊರಟರೆ ಬಣ್ಣಗಾರಿಕೆಯೂ ಹೋಗುತ್ತದೆ. ಹುಡ್ ಹಗಲಿಗೆ ಮಾತ್ರ ಎಂಬ ನಂಬಿಕೆಗೂ ಇಲ್ಲೇ ಉತ್ತರವಿದೆ. ಬಯಲಾಟದ ರಂಗಸ್ಥಳದಲ್ಲಿ ದೀಪಗಳು ಇಕ್ಕೆಲದಲ್ಲಿ, ಚಿತ್ರದ ಅಂಚಿನಿಂದ ಸ್ವಲ್ಪವೇ ಆಚೆ ಉರಿಯುತ್ತವೆ. ಹುಡ್‌ಗೆ ಅದಕ್ಕಿಂತ ಒಳ್ಳೆಯ ಸನ್ನಿವೇಶವಿಲ್ಲ. ‘ರಕ್ಷಣೆಗೆ ಯುವಿ ಫಿಲ್ಟರ್ ಇದೆ’ ಎನ್ನುವವರು ಆ ದೀಪಗಳೆದುರು ಇನ್ನೆರಡು ಗಾಜಿನ ಮೈ ಒಡ್ಡಿ, ಪ್ರತಿಬಿಂಬಗಳನ್ನು ತಾವೇ ಕರೆಯುತ್ತಾರೆ. ವೇಣೂರಿನ ಕಂಬಳದ ನೂಕುನುಗ್ಗಲಲ್ಲಿ ಪಕ್ಕದವರ ಮೊಣಕೈ ತಾಗುವುದು ಮೊದಲು ಹುಡ್‌ಗೆ. ಎದುರಿನಿಂದ ಹಾರಿ ಬರುವ ಕೆಸರುನೀರನ್ನು ಮಾತ್ರ ಅದು ತಡೆಯಲಾರದು. ಆಟಿ ತಿಂಗಳ ಮಳೆಯ ಓರೆ ಹನಿಗಳನ್ನು ಬಹುಮಟ್ಟಿಗೆ ತಡೆದೀತು.

‘ಕೈ ಅಡ್ಡ ಹಿಡಿದರೆ ಸಾಲದೆ?’ ಟ್ರೈಪಾಡ್ ಇದ್ದರೆ ಧಾರಾಳವಾಗಿ ಸಾಕು. ಅಡಕೆ ಹಾಳೆಯ ಮುಟ್ಟಾಳೆ ಇನ್ನೂ ಉತ್ತಮ. ಕೋಣಗಳ ಓಟದ ಹೊತ್ತಿಗೆ ಮಾತ್ರ ಎರಡೂ ಕೈ ಕ್ಯಾಮೆರಾಕ್ಕೆ ಬೇಕು.

ಒಪ್ಪಬೇಕಾದ ಆಕ್ಷೇಪಗಳೂ ಇವೆ. ಸೂರ್ಯನೇ ಚಿತ್ರದೊಳಗಿದ್ದರೆ ಹುಡ್ ನಿರುಪಯೋಗಿ. ಕ್ಯಾಮೆರಾದ ತಲೆಯ ಮೇಲಿನ ಪುಟ್ಟ ಫ್ಲ್ಯಾಶ್ ಬಳಸಿದರೆ ಅದರ ನೆರಳು ಚಿತ್ರದ ಕೆಳಗೆ ಬೀಳುತ್ತದೆ, ಆಗ ಕಳಚಿ. ಪೋಲರೈಸರ್ ತಿರುಗಿಸುವಾಗಲೂ ಅದು ಅಡ್ಡಿ. ಜೂಮ್ ಲೆನ್ಸಿನ ಹುಡ್ ಅತ್ಯಗಲ ನೋಟಕ್ಕೆ ಹೊಂದುವಂತೆ ಗಿಡ್ಡವಾಗಿರುವುದರಿಂದ, ದೂರದ್ದನ್ನು ಹತ್ತಿರಕ್ಕೆ ಎಳೆದಾಗ ಅದರ ಪ್ರಯೋಜನ ಅರ್ಧಂಬರ್ಧ. ಹಿಂದುಮುಂದಾಗಿ ಸಿಕ್ಕಿಸಿಕೊಂಡೇ ಮದುವೆಮನೆಯಲ್ಲೆಲ್ಲ ಓಡಾಡುವವರಿಗೆ ಯಾವ ಶಾಸ್ತ್ರದಲ್ಲೂ ಫಲ ಹೇಳಿಲ್ಲ.

ಬೇರೆ ಲೆನ್ಸಿನ ಹುಡ್ ಹೊಂದೀತೇ ಎಂಬ ಸಂಶಯವಿದ್ದರೆ ಪರೀಕ್ಷೆ ಸುಲಭ. ಜೂಮನ್ನು ಅತ್ಯಗಲಕ್ಕೆ, ಅಪರ್ಚರನ್ನು ಎಫ್/16ಕ್ಕೆ, ಫೋಕಸನ್ನು ಅನಂತಕ್ಕಿಟ್ಟು ಬಿಳಿ ಗೋಡೆಯ ಚಿತ್ರ ತೆಗೆಯಿರಿ. ಮೂಲೆಗಳು ಕಪ್ಪಾಗಿದ್ದರೆ ಹೊಂದಿಲ್ಲ. ದಳದಾಕಾರದ್ದಾದರೆ ಮೊದಲು ‘ಟಕ್’ ಎನ್ನುವವರೆಗೆ ತಿರುಗಿಸಿದ್ದೀರಾ ನೋಡಿ: ಉದ್ದ ದಳಗಳು ಮೇಲೆ ಮತ್ತು ಕೆಳಗೆ, ಗಿಡ್ಡವು ಪಕ್ಕಕ್ಕೆ.