ಗೆದ್ದವರು ಯಾರು ಎಂಬುದಷ್ಟೇ ಪಾಠವೇ?

ಹೊಸಪೇಟೆ, ಸಂಡೂರು, ಕಂಪ್ಲಿಯ ಎಷ್ಟೋ ಮಕ್ಕಳಿಗೆ ಇತಿಹಾಸವೆಂದರೆ ಇಸವಿಗಳ ಪಟ್ಟಿ. ಕುದುರೆ, ಕತ್ತಿಗಳ ವೀಡಿಯೋ ತುಣುಕೊಂದನ್ನು ತೋರಿಸಿದರೆ ತರಗತಿಯೇ ಎಚ್ಚರಗೊಳ್ಳುತ್ತದೆ. ಈ ಸಾಧನಗಳನ್ನು ನಾವು ಬೇಡವೆನ್ನುವಂತಿಲ್ಲ. ಆದರೆ ಸೆಳೆಯುವುದೆಲ್ಲ ಕಲಿಸುತ್ತದೆಯೇ?

1327ರ ಕಂಪ್ಲಿಯನ್ನೇ ನೋಡಿ. ದೆಹಲಿ ಸುಲ್ತಾನನ ಸೇನೆ ಬಂತು, ಕಂಪಿಲರಾಯ ಮಡಿದ. ತುಣುಕಿಗೆ ಇಷ್ಟು ಸಾಕು. ನೋಡಿದ ಮಗು ಇದನ್ನು ಎರಡು ಧರ್ಮಗಳ ಯುದ್ಧವೆಂದು ತಿಳಿದು, ಪಕ್ಕದ ಬೆಂಚಿನ ಗೆಳೆಯನನ್ನು ಬೇರೆಯೇ ಕಣ್ಣಿನಿಂದ ನೋಡೀತು. ಆದರೆ ಸೇನೆ ಬಂದದ್ದೇಕೆ? ಮುಹಮ್ಮದ್ ಬಿನ್ ತುಘಲಕನ ವಿರುದ್ಧ ಬಂಡೆದ್ದು ಸೋತ ಅವನ ಬಂಧು ಬಹಾಉದ್ದೀನ್ ಗುರ್ಶಾಸ್ಪ್ ಇಲ್ಲಿ ಆಶ್ರಯ ಪಡೆದಿದ್ದ. ನಂಬಿ ಬಂದವನನ್ನು ಕಂಪಿಲರಾಯ ಒಪ್ಪಿಸಲಿಲ್ಲ; ರಾಜ್ಯವನ್ನೂ ಪ್ರಾಣವನ್ನೂ ತೆತ್ತ. ಅಲ್ಲಿಂದ ಗುರ್ಶಾಸ್ಪ್ ಹೊಯ್ಸಳ ದೊರೆ ಮುಮ್ಮಡಿ ಬಲ್ಲಾಳನ ಬಳಿಗೆ ಹೋದ. ಬಲ್ಲಾಳ ಅವನನ್ನು ಹಿಡಿದು ದೆಹಲಿಯವರಿಗೆ ಒಪ್ಪಿಸಿದ.

ಆಟ ಆಡಿಸುವುದಾದರೆ ಇದನ್ನೇ ಆಡಿಸೋಣ. ಒಂದು ಮಗು ಕಂಪಿಲರಾಯನಾಗಲಿ, ಇನ್ನೊಂದು ಬಲ್ಲಾಳ, ಮತ್ತೊಂದು ಪ್ರಜೆ. “ಒಬ್ಬನಿಗಾಗಿ ನಾವೆಲ್ಲ ಸಾಯಬೇಕೇ?” ಎಂದು ಪ್ರಜೆ ಕೇಳಲಿ. ಈ ಪ್ರಶ್ನೆಗೆ ಸಿದ್ಧ ಉತ್ತರವಿಲ್ಲ, ಅಂಕಗಳೂ ಇಲ್ಲ.

ನಂಬಿಕೆಗೆ ಧರ್ಮದ ಗಡಿಯಿಲ್ಲ ಎಂಬುದಕ್ಕೆ ಹಂಪಿಯಲ್ಲೇ ಕಲ್ಲಿನ ಸಾಕ್ಷಿಯಿದೆ. 1439ರಲ್ಲಿ ಅಹ್ಮದ್ ಖಾನ್ ತನ್ನ ಒಡೆಯ ಇಮ್ಮಡಿ ದೇವರಾಯನಿಗೆ ಪುಣ್ಯವಾಗಲೆಂದು ಕಟ್ಟಿಸಿದ ಮಸೀದಿಯದು. ಶಾಸನ ಅದನ್ನು ಧರ್ಮಸಾಲೆ ಎಂದಿದೆ. ಮಕ್ಕಳನ್ನು ಅಲ್ಲಿಗೂ ಕರೆದೊಯ್ಯೋಣ.

ತೀರ್ಪು ಕೊಡುವುದು ಸುಲಭ, ಇನ್ನೊಬ್ಬರ ಜಾಗದಲ್ಲಿ ನಿಲ್ಲುವುದು ಕಷ್ಟ. ಪರದೆ ನಮ್ಮ ಮಕ್ಕಳನ್ನು ಆ ಜಾಗದವರೆಗೆ ಮುಟ್ಟಿಸಲಿ.