ಕರಿ ತೊಗಲಿನ ಮೇಲಿನ ಗುರುತು

ಬಟ್ಟೆಯಲ್ಲಿ ಹೊಲಿಗೆ ತಪ್ಪಿದರೆ ಬಿಚ್ಚಿಬಿಡಬಹುದು. ಸೂಜಿ ನೂಲುಗಳ ನಡುವೆ ದಾರಿ ಮಾಡಿಕೊಂಡು ಹೋಗಿರುತ್ತದೆ. ದಾರ ಕಿತ್ತು, ಒಂದಿಷ್ಟು ನೀರು ಚಿಮುಕಿಸಿ ಇಸ್ತ್ರಿ ಹಾಕಿದರೆ ನೂಲುಗಳು ಮತ್ತೆ ಒತ್ತರಿಸಿಕೊಂಡು ತೂತು ಮುಚ್ಚುತ್ತವೆ. ತೊಗಲಿಗೆ ಆ ಔದಾರ್ಯವಿಲ್ಲ. ಅಲ್ಲಿ ಹಾಸು ಹೊಕ್ಕು ಎಂಬುದೇ ಇಲ್ಲ, ನಾರುಗಳು ದಿಕ್ಕುದೆಸೆಯಿಲ್ಲದೆ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಉಳಿಯ ಮೊನೆ ಒಮ್ಮೆ ಇಳಿಯಿತೋ, ಆ ಚೀಲದ, ಆ ಜೋಡಿನ ಆಯುಷ್ಯ ಮುಗಿಯುವವರೆಗೂ ಅದು ತೂತೇ. ತಪ್ಪನ್ನು ಸರಿಪಡಿಸಲೆಂದು ಪಕ್ಕದಲ್ಲೇ ಇನ್ನೊಂದು ಸಾಲು ಚುಚ್ಚಿದರೆ ಅಂಚೆಚೀಟಿಯ ಅಂಚಿನಂತೆ ಅಲ್ಲೇ ಹರಿಯುತ್ತದೆ. ಆದ್ದರಿಂದ ಚರ್ಮದ ಕೆಲಸದಲ್ಲಿ ಹೊಲಿಗೆಗಿಂತ ಮೊದಲು ಗೆರೆ.

ಗೆರೆ ಎಳೆಯುವುದೇನು ಮಹಾ ಅನ್ನಿಸಬಹುದು. ತಿಳಿಗಂದು ತೊಗಲಾದರೆ ನಿಜಕ್ಕೂ ಮಹಾ ಅಲ್ಲ. ಕಪ್ಪಿನ ಮೇಲೆ ಪೇಚಾಟ ಶುರು. ಪೆನ್ಸಿಲ್ಲಿನ ಗೆರೆ ಒಂದು ಮಗ್ಗುಲಿಂದ ಮಿಂಚುತ್ತದೆ, ಇನ್ನೊಂದು ಮಗ್ಗುಲಿಂದ ಮಾಯ. ಬಾಲ್‌ಪೆನ್ನಿನ ಶಾಯಿ ಸರಿಯಾಗಿ ಕಾಣುವುದೂ ಇಲ್ಲ, ಪೂರ್ತಿ ಹೋಗುವುದೂ ಇಲ್ಲ. ಸೀಮೆಸುಣ್ಣ ಚೆನ್ನಾಗಿ ಕಾಣುತ್ತದೆ, ಆದರೆ ಕೈ ತಾಕಿದೊಡನೆ ಅರ್ಧ ಗೆರೆ ಅಂಗೈಗೆ ಬಂದಿರುತ್ತದೆ. ಮೇಲಾಗಿ ಅದರ ತುದಿ ದಪ್ಪ. ಅಂಚಿನಿಂದ 3 ಮಿಲಿಮೀಟರ್ ಒಳಗೆ ಹೊಲಿಗೆ ಬೀಳಬೇಕಾದಾಗ ಗೆರೆಯೇ 2 ಮಿಲಿಮೀಟರ್ ಇದ್ದರೆ ಅದು ಇದ್ದರೇನು, ಬಿಟ್ಟರೇನು. ಬೂಟಿನ ಕಾರ್ಖಾನೆಗಳಲ್ಲಿ, ಚೀಲ ಹೊಲಿಯುವ ಅಂಗಡಿಗಳಲ್ಲಿ ಬೆಳ್ಳಿ ಬಣ್ಣದ ಶಾಯಿಯ ಪೆನ್ನು ಬಳಸುತ್ತಾರೆ. ತೆಳ್ಳಗೆ, ಸ್ಪಷ್ಟವಾಗಿ ಬೀಳುತ್ತದೆ, ಕೈ ತಾಕಿದರೂ ಅಳಿಯದು. ಅದರ ಗುಣವೇ ಅದರ ದೋಷ. ಮೇಲೆ ಲೇಪವಿರುವ ನುಣ್ಣನೆಯ ತೊಗಲಿನಿಂದ ಒರೆಸಿ ತೆಗೆಯಬಹುದು. ಲೇಪವಿಲ್ಲದ್ದರಲ್ಲಿ, ನವಿರೆದ್ದ ಸ್ವೀಡಿನಂಥದರಲ್ಲಿ, ಬಿದ್ದದ್ದು ಬಿದ್ದಂತೆಯೇ.

ಬಣ್ಣ ಬೇಡ, ಡಿವೈಡರಿನ ಒಂದು ಕಾಲನ್ನು ಅಂಚಿಗೆ ತಾಗಿಸಿ ಇನ್ನೊಂದು ಕಾಲಿನಿಂದ ಮೆಲ್ಲಗೆ ಗೀರೋಣವೆಂದರೆ, ತೊಗಲು ಹೇಗೆ ಹದವಾಗಿದೆ ಎಂಬುದನ್ನು ಕೇಳಬೇಕಾಗುತ್ತದೆ. ಜಾಲಿಯ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ್ದು, ಅಥಣಿ ನಿಪ್ಪಾಣಿ ಕಡೆಯ ಚಪ್ಪಲಿಗೆ ಬಳಸುವಂಥದ್ದು, ತುಸು ತೇವ ಮಾಡಿ ಒತ್ತಿದರೆ ಒತ್ತಿದ್ದನ್ನು ಹಿಡಿದಿಟ್ಟುಕೊಳ್ಳುತ್ತದೆ. ದೀಪವನ್ನು ಪಕ್ಕಕ್ಕೆ ಸರಿಸಿದರೆ ಗೀರಿನ ನೆರಳೇ ದಾರಿ ತೋರಿಸುತ್ತದೆ. (ಈ ಒಗರು ತೊಗಲಿಗೂ ಕಬ್ಬಿಣಕ್ಕೂ ಆಗಿಬರುವುದಿಲ್ಲ. ಒದ್ದೆಯಿದ್ದಾಗ ಕಬ್ಬಿಣದ ಪುಡಿ ತಾಕಿದರೆ ಕಪ್ಪು ಚುಕ್ಕೆ ಬೀಳುತ್ತದೆ. ಕಬ್ಬಿಣದ ಚೂರನ್ನು ವಿನಿಗರಿನಲ್ಲಿ ನೆನೆಸಿ ಆ ನೀರನ್ನೇ ಸವರಿ ಇಡೀ ತೊಗಲನ್ನು ಕಪ್ಪು ಮಾಡುವುದೂ ಉಂಟು. ಆ ಕಪ್ಪೆಂದರೆ ಬೇಕೆಂದೇ ಮೈತುಂಬ ಹಚ್ಚಿದ ಕಲೆ.) ಕ್ರೋಮಿಯಂ ಲವಣದಿಂದ ಹದ ಮಾಡಿದ ತೊಗಲಿನ ಸ್ವಭಾವ ಬೇರೆ. ಅಮೆರಿಕದಲ್ಲಿ ಅಗಸ್ಟಸ್ ಶುಲ್ಟ್ಸ್ 1884ರಲ್ಲಿ ಪೇಟೆಂಟ್ ಪಡೆದ ವಿಧಾನದಿಂದ ಬೆಳೆದ ಈ ಪದ್ಧತಿ ವಾರಗಟ್ಟಲೆ ಹಿಡಿಯುತ್ತಿದ್ದ ಹದವನ್ನು ದಿನಗಳಿಗೆ ಇಳಿಸಿತು. ಇಂದು ಜಗತ್ತಿನ ಬಹುಪಾಲು ತೊಗಲು ಹದವಾಗುವುದು ಹೀಗೆಯೇ. ಮೆತ್ತಗಿನ, ಪುಟಿಯುವ ಮೈ. ಒತ್ತಿದ ಗುರುತು ನೋಡನೋಡುತ್ತಲೇ ಎದ್ದು ಸಮನಾಗುತ್ತದೆ. ಸಿಟ್ಟಿನಿಂದ ಗಟ್ಟಿಯಾಗಿ ಗೀರಿದರೆ ಮೇಲ್ಪದರ ಹರಿದು ಒಳಗಿನ ಬೇರೆ ಬಣ್ಣ ಹಲ್ಲು ಕಿರಿಯುತ್ತದೆ. ಪೇಟೆಯ ಕರಿ ಬೂಟು, ಕರಿ ಚೀಲಗಳು ಹೆಚ್ಚಾಗಿ ಈ ಬಗೆಯವೇ.

ನಮ್ಮೂರ ಬಸ್‌ಸ್ಟ್ಯಾಂಡಿನ ಗೋಡೆಗೆ ಒರಗಿ ಕೂರುವ ಹಿರಿಯರೊಬ್ಬರ ಪೆಟ್ಟಿಗೆಯಲ್ಲಿ ಬೆಳ್ಳಿ ಪೆನ್ನು ಇದೆ. ಆದರೆ ಅವರು ಮೊದಲು ಕೈಹಾಕುವುದು ಸವೆದ ಸೋಪಿನ ಚೂರಿಗೆ. ಒಣಗಿ ಬಿರುಸಾದ ಬಿಲ್ಲೆಯ ಅಂಚನ್ನು ಕತ್ತಿಯಲ್ಲಿ ಹೆರೆದು ಚೂಪು ಮಾಡಿಕೊಳ್ಳುತ್ತಾರೆ. ಗೆರೆ ಬೆಳ್ಳಗೆ, ತೆಳ್ಳಗೆ ಬೀಳುತ್ತದೆ. ಹೊಲಿಗೆ ಮುಗಿದ ಮೇಲೆ ಒದ್ದೆ ಅರಿವೆಯಲ್ಲಿ ಒರೆಸಿದರೆ ಇಲ್ಲ. ಮತ್ತೆ ಬೆಳ್ಳಿ ಪೆನ್ನು ಯಾತಕ್ಕೆ ಎಂದು ಕೇಳಿದ್ದಕ್ಕೆ ಎರಡು ತುಂಡು ಕೂಡುವ ಜಾಗ ತೋರಿಸಿದರು. ಮೇಲಿನ ತುಂಡಿನ ಅಡಿಗೆ ಹೋಗುವ ಸುಮಾರು 8 ಮಿಲಿಮೀಟರ್ ಅಂಚಿದೆಯಲ್ಲ, ಅಲ್ಲಿ ಮಾತ್ರ ಬೆಳ್ಳಿ ಗೆರೆ. ಮೇಲಿನ ತುಂಡು ಬಂದು ಕೂತೊಡನೆ ಅದು ಮುಚ್ಚಿಹೋಗುತ್ತದೆ. “ಗೆರಿ ನನಗ ಕಂಡ್ರ ಸಾಕ್ರಿ. ಮೆಟ್ಟಿಕೊಂಡು ತಿರಗ್ಯಾಡೋರಿಗೆ ಯಾಕ ಕಾಣಬೇಕು?” ಅಂದರು. ಹೊಸ ಬಗೆಯ ತೊಗಲು ಕೈಗೆ ಬಂದರೆ ಕತ್ತರಿಸಿ ಉಳಿದ ಚೂರಿನ ಮೇಲೆ ಮೊದಲು ಎಳೆದು, ಒರೆಸಿ ನೋಡುತ್ತಾರೆ. ಎಳೆಯುವುದಕ್ಕೆ ಮುಂಚೆ ಅಳಿಸುವುದನ್ನು ಕಲಿತುಕೊಳ್ಳುವ ಈ ಕ್ರಮ ನನಗೆ ಬಹಳ ಹಿಡಿಸಿತು.

ರಟ್ಟಿನ ಮಾದರಿಯಿಂದ ತೊಗಲಿಗೆ ಗುರುತು ಇಳಿಸುವಾಗಲೂ ಇದೇ ಜಿಪುಣತನ. ಮಾದರಿಯ ಮೇಲಿಂದ ಉದ್ದಕ್ಕೂ ಚುಚ್ಚುವುದಿಲ್ಲ. ಮೊದಲು, ಕೊನೆ, ತಿರುವು, ಇಷ್ಟಕ್ಕೆ ಸೂಜಿಮೊನೆ. ಅದೂ ಮುಂದೆ ಹೊಲಿಗೆಯ ತೂತೇ ಬೀಳುವ ಜಾಗದಲ್ಲಿ. ಎಡಗಾಲಿನ ತುಂಡಿಗೆ ಮಾದರಿಯನ್ನು ಮಗುಚಿ ಹಾಕುತ್ತಾರೆಯೇ ಹೊರತು ಬಲಗಾಲಿನ ತುಂಡನ್ನು ನೋಡಿ ಗುರುತು ಹಾಕುವುದಿಲ್ಲ. ತೊಗಲು ಹಿಗ್ಗುವ ವಸ್ತು, ನಕಲಿನಿಂದ ನಕಲು ತೆಗೆದಷ್ಟೂ ಕೂದಲೆಳೆಯ ತಪ್ಪು ಬೆಳೆಯುತ್ತ ಹೋಗುತ್ತದೆ. ಕೂಡಿಸುವ ಎರಡು ತುಂಡುಗಳಲ್ಲಿ ತೂತುಗಳ ಲೆಕ್ಕ ಒಂದೇ ಒಂದು ಹೆಚ್ಚುಕಡಿಮೆಯಾದರೂ ಹೊಲಿಗೆ ಕೊನೆಗೆ ಬರುವ ಹೊತ್ತಿಗೆ ತೊಗಲು ಮುದುಡಿಕೊಂಡಿರುತ್ತದೆ.

ಧಾರವಾಡದ ಕಡೆ ಕಸೂತಿ ಹಾಕುವ ಹೆಣ್ಣುಮಕ್ಕಳಿಗೆ ಈ ತಾಪತ್ರಯವಿಲ್ಲ. ಚಂದ್ರಕಾಳಿ ಸೀರೆಯ ಕಪ್ಪು ಮೈಮೇಲೆ ಅವರು ಒಂದು ಗೆರೆಯನ್ನೂ ಎಳೆಯುವುದಿಲ್ಲ. ಎಳೆ ಎಣಿಸಿಕೊಂಡೇ ಗೋಪುರ, ತೇರು, ತುಳಸಿಕಟ್ಟೆ ಎಬ್ಬಿಸುತ್ತಾರೆ. ಬಟ್ಟೆ ತನ್ನೊಳಗೇ ಲೆಕ್ಕ ಇಟ್ಟುಕೊಂಡು ಹುಟ್ಟಿದೆ. ತೊಗಲಿನಲ್ಲಿ ಎಣಿಸಲು ಎಳೆಯಿಲ್ಲ. ದಾರಿಯನ್ನು ಹೊರಗಿನಿಂದಲೇ ತರಬೇಕು. ತಂದವನೇ ಅದನ್ನು ಹಿಂದಕ್ಕೆ ಕಳಿಸುವ ಹೊಣೆಯನ್ನೂ ಹೊರಬೇಕು.

ಮನುಷ್ಯರಲ್ಲೂ ತಮ್ಮೊಳಗಿನ ಎಳೆ ಎಣಿಸಿಕೊಂಡೇ ನಡೆದುಬಿಡುವವರು ಅಲ್ಲೊಬ್ಬರು ಇಲ್ಲೊಬ್ಬರು ಇರಬಹುದು. ಉಳಿದ ನಮಗೆಲ್ಲ ಅಪ್ಪನೋ ಅವ್ವನೋ ಮೇಷ್ಟರೋ ಗೆರೆ ಹಾಕಿಕೊಡಬೇಕು. ಯಾವ ಗೆರೆಯೂ ಬೇಡ, ಮಗು ತನ್ನಷ್ಟಕ್ಕೆ ತಾನು ಬೆಳೆಯಲಿ ಎಂಬ ಈಚಿನ ಮಾತಿನಲ್ಲಿ ನನಗೆ ನಂಬಿಕೆಯಿಲ್ಲ. ಯಾವ ಗೆರೆ, ಎಲ್ಲಿ, ಎಷ್ಟು ದಿನಕ್ಕೆ ಎಂಬುದೇ ತಕರಾರು. “ಅಕ್ಷರ ದುಂಡಗಿರಲಿ” ಎಂದು ಪಕ್ಕಕ್ಕೆ ಕರೆದು ಹೇಳಿದ್ದು ಸೋಪಿನ ಗೆರೆ. ಅಕ್ಷರ ದುಂಡಗಾದ ದಿನ ಮಾತೂ ಮರೆತುಹೋಗುತ್ತದೆ. ಇಡೀ ತರಗತಿಯ ಎದುರು ಇಟ್ಟ ಅಡ್ಡಹೆಸರು ಹಾಗೆ ಹೋಗುವುದಿಲ್ಲ. ಅರವತ್ತರ ಅಂಚಿನಲ್ಲಿ ನಿವೃತ್ತಿಯ ಸಮಾರಂಭಕ್ಕೆ ಬಂದ ಹಳೆಯ ಗೆಳೆಯ ಅದೇ ಹೆಸರಿನಿಂದ ಕೂಗಿದಾಗ, ವೇದಿಕೆಯ ಮೇಲೆ ಹಾರ ಹಾಕಿಕೊಂಡು ಕೂತವರ ಮುಖ ಒಂದು ಗಳಿಗೆ ಇಳಿಯುವುದನ್ನು ಯಾರಾದರೂ ನೋಡಿರಬಹುದು. ಹೆಸರಿಟ್ಟ ಮೇಷ್ಟರು ಕೆಟ್ಟವರೇನಲ್ಲ. ಎದುರಿನ ಹುಡುಗ ಹೇಳಿದ್ದಕ್ಕೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ಕತ್ತಲೆಯ ಹಾಗೆ ನಿಂತುಬಿಟ್ಟ. ತಮ್ಮ ಮಾತು ಅವನ ಮೇಲೆ ಮೂಡುವುದು ಕಾಣಲಿ ಎಂದು ಅವರು ಗಾಢ ಶಾಯಿಯನ್ನೇ ಎತ್ತಿಕೊಂಡರು. ಕಾಣದಿದ್ದಾಗ ನಮಗೆಲ್ಲ ಮೊದಲು ಹೊಳೆಯುವುದು ಶಾಯಿ ಬದಲಿಸುವುದು. ದೀಪ ಸರಿಸಿ ನೋಡುವುದು ಹೊಳೆಯುವುದಿಲ್ಲ. ಪಕ್ಕದಿಂದ ಬೆಳಕು ಬಿಟ್ಟಿದ್ದರೆ ಆ ಹುಡುಗನ ಮೇಲೆ ಮೊದಲಿನ ಮೆಲುಮಾತಿನ ಗೀರು ಬಿದ್ದೇ ಇತ್ತೆಂದು ತಿಳಿಯುತ್ತಿತ್ತೇನೋ.

ಚರ್ಮದ ಕೆಲಸ ನಮ್ಮ ವಚನಗಳಿಗೆ ಹೊರಗಿನದಲ್ಲ. ಮಾದಾರ ಚೆನ್ನಯ್ಯನವರ ಅಂಕಿತದಲ್ಲಿಯೇ ಕೈಯುಳಿ, ಕತ್ತಿ, ಅಡಿಗುಂಟಗಳಿವೆ. ದೇವರ ಹೆಸರು ಹೇಳುವ ಮುನ್ನ ಹತಾರಗಳನ್ನು ಹೆಸರಿಸಿದ ಅಂಕಿತ ಅದು. ಮಾದಾರ ಧೂಳಯ್ಯನವರ ವಚನವೊಂದರಲ್ಲಿ ಅಟ್ಟೆ ಚುಚ್ಚುವ ಉಳಿಯ ಮೊನೆಯಲ್ಲಿ ಪರಮೇಶ್ವರನೇ ಕಾಣಿಸಿಕೊಳ್ಳುತ್ತಾನೆ. ಧೂಳಯ್ಯ ಉಳಿ ಕೆಳಗಿಟ್ಟು ಅಡ್ಡಬೀಳುವುದಿಲ್ಲ, ಇತ್ತ ಯಾಕೆ ಬಂದೆ ಎಂದು ಕೇಳಿ ಬೇರೆ ಕಡೆಗೆ ಸಾಗಹಾಕುತ್ತಾನೆ. ಇದನ್ನು ಕಾಯಕನಿಷ್ಠೆಯೆಂದು ಭಾಷಣಗಳಲ್ಲಿ ಹೊಗಳಿ ಸುಮ್ಮನಾಗುತ್ತೇವೆ. ನನಗೆ ಅದರಲ್ಲಿ ಕೈಕೆಲಸದವರ ಸಣ್ಣ ಸಿಡುಕೂ ಕೇಳಿಸುತ್ತದೆ. ಉಳಿಯ ಮೊನೆಗೆ ಅಡ್ಡ ಯಾರೇ ಬರಲಿ, ಗುರುತು ಮರೆಯಾಗುತ್ತದೆ. ತೂತು ಒಂದೆಳೆ ಆಚೆ ಬಿದ್ದರೆ ಮುಚ್ಚಿಕೊಡಲು ಆ ದೇವರಿಂದಲೂ ಆಗದು.

ಒಂದು ತುಂಡು ತೊಗಲಿನ ಮೇಲೆ ಇಷ್ಟು ಯೋಚಿಸಿ ಗುರುತು ಹಾಕುವ ಜನರ ಮೇಲೆ ಊರು ಹಾಕಿದ ಗುರುತು ಎಂಥದ್ದು? ಯಾವ ಚೂರಿನ ಮೇಲೂ ಎಳೆದು ಪರೀಕ್ಷಿಸಿದ್ದಲ್ಲ, ಮುಚ್ಚಿಹೋಗುವ ಅಂಚಿನಲ್ಲಿ ಹಾಕಿದ್ದಲ್ಲ. ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದದ್ದಕ್ಕೆ ಇಬ್ಬರು ತಂದೆಯರನ್ನೂ ಎಳೆಹೂಟೆಗೆ ಕಟ್ಟಿ ಕೊಂದರೆಂದು ಶರಣ ಪರಂಪರೆ ಹೇಳುತ್ತದೆ. ಗುರುತನ್ನು ಒರೆಸಲು ಹೋದವರಿಗೆ ಸಿಕ್ಕ ಕೂಲಿ ಅದು. ಇಂದು ಈ ಜನ ಹೊಲಿದ ವಸ್ತುವಿಗೆ ಮರ್ಯಾದೆ ಬಂದಿದೆ: ಕೊಲ್ಹಾಪುರಿ ಚಪ್ಪಲಿಯ ಭೌಗೋಳಿಕ ಸೂಚಕದ ಮಾನ್ಯತೆಯಲ್ಲಿ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿವೆ. ಹೊಲಿದವರಿಗೆ ಬಂದದ್ದು ಅಷ್ಟು ಮರ್ಯಾದೆಯಲ್ಲ. ಅಸ್ಪೃಶ್ಯತೆಯನ್ನು ರದ್ದುಮಾಡಿದ ಸಂವಿಧಾನದ 17ನೆಯ ವಿಧಿ 1950ರಿಂದ ಜಾರಿಯಲ್ಲಿದೆ. ಹೋಟೆಲಿಗೆ ಬಿಡಲಿಲ್ಲ, ಕ್ಷೌರದಂಗಡಿಗೆ ಬಿಡಲಿಲ್ಲ, ಗುಡಿಯೊಳಕ್ಕೆ ಬಿಡಲಿಲ್ಲ ಎಂಬ ದೂರುಗಳು ನಮ್ಮ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಇಂದಿಗೂ ಅಚ್ಚಾಗುತ್ತಿವೆ.